ಒಂದು ಮಾರು ನೀರು

ಮೆಹ್ನಾಜಳ ಬಲಗೈಯ ಕೊನೆಯ ಎರಡು ಬೆರಳು ಹೋದದ್ದು ಎನ್.ಆರ್.ಪುರದ ದೋಣಿಕಟ್ಟೆಯಲ್ಲಿ, ಹಾಡಹಗಲಲ್ಲಿ, ಎಲ್ಲರ ಕಣ್ಣೆದುರಿಗೆ. ಹಿನ್ನೀರಿನ ಆಚೆ ದಡದ ಮದುವೆ ಮನೆಗೆ ಹೊಲಿದ ರವಿಕೆಗಳನ್ನು ಕೊಟ್ಟು ಯಶವಂತನ ಮೋಟಾರು ದೋಣಿಯಲ್ಲಿ ವಾಪಸು ಬರುತ್ತಿದ್ದಳು. ಯಶವಂತ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಎಂಜಿನ್ನಿನ ಹಿಡಿ ಹಿಡಿದು, ಯಾರದೋ ಮಾತಿಗೆ ನಗುತ್ತಾ ವೇಗ ತಗ್ಗಿಸದೆ ಕಟ್ಟೆಗೆ ನುಗ್ಗಿಸಿದ. ಅವನು ರಿವರ್ಸ್ ಹಾಕುವ ಹೊತ್ತಿಗೆ, ಅಂಚು ಹಿಡಿದು ಕೂತಿದ್ದ ಅವಳ ಕೈ ಕಲ್ಲಿಗೂ ದೋಣಿಗೂ ನಡುವೆ ಸಿಕ್ಕಿಯಾಗಿತ್ತು.

"ಎಂತ ಮಾರಾಯ್ತಿ, ಕೈ ಒಳಗಿಟ್ಕೊ ಅಂತ ಎಷ್ಟ್ ಸಲ ಹೇಳ್ದೆ!" ಎಂದು ಅವನು ಎಲ್ಲರಿಗೂ ಕೇಳುವಂತೆ ಕೂಗಿದ.

ಒಂದು ಸಲವೂ ಹೇಳಿರಲಿಲ್ಲ. ಆದರೆ ಊರಲ್ಲಿ ಉಳಿದದ್ದು ಆ ಮಾತೇ. ದೋಣಿಯಲ್ಲಿದ್ದವರು ಮರುದಿನವೂ ಅವನ ದೋಣಿಯಲ್ಲೇ ದಾಟಬೇಕಾದವರು. ಯಾರೂ ಬಾಯಿ ಬಿಡಲಿಲ್ಲ. ಅವಳ ಗಂಡ ಫಾಜಿಲ್, ಸ್ಕೂಟರ್ ರಿಪೇರಿ ಅಂಗಡಿಯವನು, ಆಸ್ಪತ್ರೆಯ ಮಂಚದ ಪಕ್ಕ ಕೂತು ಮೆಲ್ಲಗೆ, "ನೀನೂ ಸ್ವಲ್ಪ ಕೈ ಒಳಗಿಟ್ಕೋಬೇಕಿತ್ತು" ಎಂದ. ಬೆರಳಿನ ನೋವು ಕೆಲವು ತಿಂಗಳಲ್ಲಿ ಇಳಿಯಿತು. ಈ ಮಾತು ಇಳಿಯಲಿಲ್ಲ.

ಕತ್ತರಿ ಹಿಡಿತಕ್ಕೆ ಸಿಗದಾದಾಗ ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ತಾಯಿಯ ಅಣ್ಣ ಸುಲೈಮಾನನ ಮನೆಗೆ ಹೋದಳು. ಅವನು ಹಿನ್ನೀರಿನಲ್ಲಿ ಮೀನು ಹಿಡಿಯುವವನು, ಪುಟ್ಟ ಮೋಟಾರು ದೋಣಿಯೊಂದು ಅವನ ಬಳಿ ಇತ್ತು.

"ಮಾಮು, ನಂಗೆ ದೋಣಿ ಬಿಡೋದು ಕಲ್ಸಿ."

"ಯಾತಕ್ಕೆ?"

"ಯಶವಂತನ ಕಟ್ಟೆಯಿಂದ್ಲೇ ಜನ ದಾಟಿಸ್ಬೇಕು. ಅವನ ಕಣ್ಣೆದ್ರಿಗೆ."

ಸುಲೈಮಾನ್ ಅವಳ ಕೈ ನೋಡಿದ. "ಜೋರಾಗಿ ಬಿಡೋದು ಇವತ್ತೇ ಬರ್ತದೆ. ನಿಧಾನ ಬಿಡೋದು ಬರ್ಲಿಕ್ಕೆ ಒಂದು ವರ್ಷ ಬೇಕು" ಎಂದ.

ಕಲಿಸಿದ್ದೂ ಅದನ್ನೇ. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ಹೋಗುತ್ತದೆ. ಆಗ ಹಿಂಭಾಗ ಆಚೆಗೆ ಬೀಸುತ್ತದೆ, ಕಟ್ಟೆಗೆ ಬಡಿಯುವುದು ಅದೇ. ಗೇರ್ ತೆಗೆದರೆ ದೋಣಿ ಯಾರ ಮಾತೂ ಕೇಳುವುದಿಲ್ಲ, ಗಾಳಿ ಎಳೆದ ಕಡೆ ಹೋಗುತ್ತದೆ. ಅದಕ್ಕೆ ಗಾಳಿಗೆ ಮುಖ ಕೊಟ್ಟು ಬರಬೇಕು. ಚೂರು ಮುಂದೆ, ನ್ಯೂಟ್ರಲ್, ಚೂರು ಹಿಂದೆ, ಮತ್ತೆ ನ್ಯೂಟ್ರಲ್. ನೀರಿನಲ್ಲಿ ನೆಟ್ಟ ಗೂಟವೊಂದರ ಪಕ್ಕ, ಅದಕ್ಕೆ ತಾಗದಂತೆ, ಅದನ್ನು ಬಿಟ್ಟು ದೂರ ಹೋಗದಂತೆ ದೋಣಿ ನಿಲ್ಲಿಸುವುದನ್ನು ಅವಳು ಅಭ್ಯಾಸ ಮಾಡಿದಳು. ಮಾಮು ಸಾಕು ಎಂದರೂ ಬಿಡಲಿಲ್ಲ. ಆ ಗೂಟವನ್ನು ಅವಳು ಮನಸ್ಸಿನಲ್ಲಿ ಯಶವಂತ ಎಂದೇ ಕರೆಯುತ್ತಿದ್ದಳು.

ಮಾಮುವಿಗೆ ಕಣ್ಣು ಮಂಜಾದ ಮೇಲೆ ದೋಣಿ ಅವಳದಾಯಿತು. ಮೊದಮೊದಲು ಯಶವಂತ ಕಟ್ಟೆಯ ಮೇಲೆ ನಿಂತು ನಕ್ಕ. ಮೊಟ್ಟೆಯ ಟ್ರೇ ಹೊತ್ತವರು, ಬಸುರಿಯರು, ಮಂಡಿನೋವಿನ ಮುದುಕಿಯರು ಒಬ್ಬೊಬ್ಬರಾಗಿ ಅವಳ ದೋಣಿಗೆ ಬಂದ ಮೇಲೆ ನಗುವುದನ್ನು ಬಿಟ್ಟ. ಅವಳಿಗೆ ಅಷ್ಟು ಸಾಕಾಗಲಿಲ್ಲ.

ಮಳೆಗಾಲ ಹಿಡಿಯುವ ಮುಂಚಿನ ಒಂದು ಮಧ್ಯಾಹ್ನ. ನೀರು ಇಳಿದು, ಮುಳುಗಿದ್ದ ಕಾಡಿನ ಮರದ ಬೊಡ್ಡೆಗಳು ಮೇಲೆ ಕಾಣುತ್ತಿದ್ದವು. ಗಾಳಿ ಎದ್ದಿತ್ತು. ಮೆಹ್ನಾಜ್ ಖಾಲಿ ದೋಣಿಯಲ್ಲಿ ಬರುತ್ತಿದ್ದಾಗ ಯಾರೋ ಸೀರೆಯ ಸೆರಗು ಬೀಸುವುದು ಕಂಡಿತು. ಯಶವಂತನ ದೋಣಿ. ಬೊಡ್ಡೆಗಳಿಗೆ ಕಟ್ಟಿದ್ದ ಮೀನುಬಲೆ ಅವನ ಎಂಜಿನ್ನಿನ ನೀರೊಳಗಿನ ಫ್ಯಾನಿಗೆ ಸುತ್ತಿಕೊಂಡು, ದೋಣಿಯನ್ನು ಹಿಂದಿನಿಂದ ಹಿಡಿದು ನಿಲ್ಲಿಸಿತ್ತು. ಅಲೆಗಳೆಲ್ಲ ತಗ್ಗಾದ ಹಿಂಬದಿಗೇ ಬಡಿದು ಒಳಗೆ ನೀರು ಬೀಳುತ್ತಿತ್ತು. ಯಶವಂತ ಬಕೆಟ್ಟಿನಲ್ಲಿ ಮೊಗೆಯುತ್ತಿದ್ದ. ಸೆರಗು ಬೀಸುತ್ತಿದ್ದವಳು ಅವಳದೇ ಊರಿನ ರಾಧಮ್ಮ; ಜೊತೆಗೆ ಇನ್ನೂ ಮೂವರಿದ್ದರು.

ಅವಳು ಸುತ್ತು ಹಾಕಿ ಗಾಳಿಗೆ ಎದುರಾಗಿ ಬಂದು, ಸದ್ದಿಲ್ಲದೆ ಪಕ್ಕಕ್ಕೆ ತಂದಳು. ಯಶವಂತ ಆತುರದಲ್ಲಿ ಕೈ ಚಾಚಿ ಅವಳ ದೋಣಿಯ ಅಂಚು ಹಿಡಿದ. ಐದೂ ಬೆರಳು ಎರಡು ದೋಣಿಗಳ ನಡುವೆ. ಹಿಡಿಯನ್ನು ಒಂದಿಷ್ಟು ತಿರುವಿದರೆ ಮುಗಿಯಿತು. ಗಾಳಿ ಎಂದರೆ ಎಲ್ಲರೂ ನಂಬುತ್ತಿದ್ದರು. ಅವಳ ಮಣಿಕಟ್ಟು ಬಿಗಿಯಿತು. ಆದರೆ ಬೆರಳು ಹೋದರೆ ಇವನು ಊರವರಿಂದ ಅಯ್ಯೋ ಪಾಪ ಅನ್ನಿಸಿಕೊಳ್ಳುತ್ತಾನೆ; ಅದು ಅವಳಿಗೆ ಬೇಕಿರಲಿಲ್ಲ.

"ಕೈ ಒಳಗಿಟ್ಕೊ" ಎಂದಳು.

ಅವನು ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ. ನಾಲ್ವರೂ ಒಬ್ಬೊಬ್ಬರಾಗಿ ದಾಟಿದರು. ಕೊನೆಗೆ ಅವನು ಕಾಲೆತ್ತಿದಾಗ ಮೆಹ್ನಾಜ್ ರಿವರ್ಸ್ ಹಾಕಿದಳು. ನಡುವೆ ಒಂದು ಮಾರು ನೀರು ತೆರೆದುಕೊಂಡಿತು. ಅಲ್ಲೇ, ಚೂರು ಮುಂದೆ ಚೂರು ಹಿಂದೆ ಮಾಡುತ್ತಾ, ದೋಣಿಯನ್ನು ನಿಲ್ಲಿಸಿಕೊಂಡಳು.

"ಏ ಮಾರಾಯ್ತಿ, ಎಂತ ಮಾಡ್ತಿದ್ದಿ? ಹತ್ರ ತಾ!"

"ಅವತ್ತು ನೀನು ಎಷ್ಟ್ ಸಲ ಹೇಳಿದ್ದೆ, ಕೈ ಒಳಗಿಟ್ಕೊ ಅಂತ?"

"ಈಗ ಅದೆಲ್ಲ ಎಂತಕ್ಕೆ? ನೀರು ತುಂಬ್ತಾ ಉಂಟು!"

"ತುಂಬ್ಲಿ. ಎಷ್ಟ್ ಸಲ?"

ರಾಧಮ್ಮ ಅವಳ ತೋಳು ಹಿಡಿದಳು. "ಬೇಡ ಕಣೆ, ಪಾಪ." ಮೆಹ್ನಾಜ್ ತಿರುಗಿ ನೋಡಲಿಲ್ಲ. ಅಲೆಯೊಂದು ಯಶವಂತನ ಮೊಣಕಾಲಿನವರೆಗೆ ನೀರು ಸುರಿಯಿತು. ಅವನ ಕೈಯಿಂದ ಬಕೆಟ್ಟು ಜಾರಿ ತೇಲಿಹೋಯಿತು. ಅವನಿಗೆ ಈಜು ಬರುವುದಿಲ್ಲವೆಂದು ಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಹೇಳ್ಲಿಲ್ಲ!" ಎಂದು ಅವನು ಕಿರುಚಿದ. "ಒಂದ್ ಸಲನೂ ಹೇಳ್ಲಿಲ್ಲ! ಫೋನಲ್ಲಿದ್ದೆ, ನೋಡ್ಲಿಲ್ಲ! ತಪ್ಪು ನಂದೇ!"

"ಇದನ್ನ ನಮ್ಮೆಜಮಾನ್ರ ಅಂಗಡಿಗೆ ಹೋಗಿ ಹೇಳ್ಬೇಕು. ಇವತ್ತೇ."

"ಹೇಳ್ತೀನಿ, ನಿನ್ ಕಾಲಿಗ್ ಬೀಳ್ತೀನಿ."

"ನಾನೇ ಕರ್ಕೊಂಡು ಹೋಗ್ತೀನಿ, ಹತ್ತಿಸ್ಕೊಳೆ ಅವನನ್ನ" ಎಂದಳು ರಾಧಮ್ಮ.

ಮೆಹ್ನಾಜ್ ಗೇರ್ ಹಾಕಿದಳು. ದೋಣಿ ಚೂರೂ ಸದ್ದಾಗದಂತೆ ಅವನ ಪಕ್ಕಕ್ಕೆ ಹೋಗಿ ನಿಂತಿತು. ದಡ ಸೇರುವತನಕ ಅವನು ತೊಯ್ದ ಪ್ಯಾಂಟಿನಲ್ಲಿ ನಡುಗುತ್ತಾ ಕೂತಿದ್ದ. ಅವಳು ದಾರಿಯುದ್ದಕ್ಕೂ ಬೇಕೆಂದೇ ನಿಧಾನವಾಗಿ ಬಿಟ್ಟಳು. ಅವಳಿಗೆ ಕನಿಕರ ಬರಲಿಲ್ಲ. ಎದೆಯೊಳಗೆ ತಣ್ಣಗಿತ್ತು.

ಸಂಜೆ ಫಾಜಿಲ್ ಬೇಗ ಮನೆಗೆ ಬಂದ. ಕೈಯ ಗ್ರೀಸು ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಯಶವಂತ ಬಂದಿದ್ದ. ಎಲ್ಲ ಹೇಳ್ದ."

"ಗೊತ್ತು."

"ನಾನೂ ಅವತ್ತು ನಿಂಗೆ..."

"ಹೌದು. ನೀವೂ."

ಅವಳು ಇನ್ನೇನಾದರೂ ಹೇಳುತ್ತಾಳೆಂದು ಅವನು ಕಾದ. ಅವಳು ಇಬ್ಬರಿಗೂ ಊಟ ಬಡಿಸಿ, ಎದುರಿಗೆ ಕೂತು, ತುಂಬ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ಅವನು ತಟ್ಟೆ ಮುಟ್ಟದೆ ಕೂತೇ ಇದ್ದ.