ಮದ್ದು ಬೆಳೆದ ಕೋಣೆ

ಗಡಿಯಾರ ರಿಪೇರಿ ಮಾಡುವವನಿಗೇ ಕಾಲ ಕೆಟ್ಟಿತ್ತು. ಎಲ್ಲರ ಕೈಗೂ ಫೋನು ಬಂದಮೇಲೆ ಅಂಗಡಿಯತ್ತ ನರಪಿಳ್ಳೆಯೂ ಸುಳಿಯಲಿಲ್ಲ. ಬಾಗಿಲು ಹಾಕಿ ಮನೆಗೆ ಬಂದವನು ಗೋಡೆ ನೋಡುತ್ತ ಕೂತುಬಿಟ್ಟ. ಕರೆದರೆ ಓಗೊಡುತ್ತಿರಲಿಲ್ಲ. ಬಡಿಸಿದರೆ ತಟ್ಟೆಯಲ್ಲೇ ಆರುತ್ತಿತ್ತು. ಹೊಲಿಗೆ ಯಂತ್ರ ತುಳಿದು ಮನೆ ನಡೆಸುತ್ತಿದ್ದ ಹೆಂಡತಿಗೂ ಅದೇ ಹೊತ್ತಿಗೆ ಹೊಟ್ಟೆಯ ಆಪರೇಷನ್ ಆಗಿ ಮೈಯಲ್ಲಿ ತ್ರಾಣ ಉಳಿದಿರಲಿಲ್ಲ.

ಔಷಧಿ ಅಣಬೆಯ ಸುದ್ದಿ ತಂದವಳು ಅವಳ ತಂಗಿ. "ಇದರ ಕಷಾಯ ಕುಡಿದ್ರೆ ಅಕ್ಕಂಗೆ ಶಕ್ತಿ ಬರುತ್ತಂತೆ ಭಾವ. ಕೊಂಡ್ರೆ ಬೆಂಕಿ ಬೆಲೆ. ನೀವೇ ಯಾಕೆ ಬೆಳೀಬಾರದು? ನಿಮ್ಮ ಕೈ ಒಂಚೂರೂ ನಡುಗಲ್ವಲ್ಲ."

ಅಣಬೆಯ ಬೀಜ ಬಾಟಲಿಯಲ್ಲಿ ಬಂತು. ಸಿಹಿನೀರಿನಲ್ಲಿ ಹತ್ತಿಯ ಎಳೆಯಂತೆ ತೇಲುವ ಬಿಳಿ ಜೀವ. ಅವನು ಸಿರಿಂಜಿನ ಸೂಜಿಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೇಯಿಸಿದ ಗೋಧಿಯ ಜಾಡಿಗಳಿಗೆ ಆ ನೀರು ಚುಚ್ಚಿದ. ಮೊದಲ ಜಾಡಿಗಳು ಹಸಿರು ಬೂಷ್ಟು ಹಿಡಿದು ತಿಪ್ಪೆ ಸೇರಿದವು. ಆಮೇಲಿನವು ಕಾಳಿಂದ ಕಾಳಿಗೆ ಬಿಳಿ ಬಲೆ ನೇಯ್ದವು. ಅದನ್ನು ಮರದ ಹೊಟ್ಟಿನ ಚೀಲಗಳಿಗೆ ಬೆರೆಸಿ ಹಿಂದಿನ ಕೋಣೆಯಲ್ಲಿ ಸಾಲಾಗಿ ಇಟ್ಟ. ತೇವ ಆರದಿರಲೆಂದು ಕಿಟಕಿಗೆ ಪ್ಲಾಸ್ಟಿಕ್ ಬಡಿದ. ಕೆಂಪಗೆ, ಅರಗು ಬಳಿದಂತೆ ಹೊಳೆಯುವ ಅಣಬೆಗಳು ಬೀಸಣಿಗೆಯ ಹಾಗೆ ಅರಳಿದವು. ಅವನು ಮತ್ತೆ ಸಿಳ್ಳೆ ಹಾಕತೊಡಗಿದ.

"ಒಬ್ಬರೇ ಏನ್ ಮಾಡ್ತೀರಿ ಅಲ್ಲಿ?" ಎಂದು ಹೆಂಡತಿ ಹೊಲಿಗೆ ಯಂತ್ರವನ್ನೂ ಅದೇ ಕೋಣೆಗೆ ಹಾಕಿಸಿಕೊಂಡಳು. ಅವನು ನೀರು ಚಿಮುಕಿಸುತ್ತಿದ್ದ, ಅವಳು ಹೊಲಿಯುತ್ತಿದ್ದಳು. ಅಣಬೆ ಬಲಿತಾಗ ಉದುರುವ ಕಂದು ಹುಡಿ ಯಂತ್ರದ ಮೇಲೆ ಕೂರುತ್ತಿತ್ತು. ಅವಳು ಬಟ್ಟೆಯಲ್ಲಿ ಒರೆಸಿ, ಕೊಡವಿ, ಮತ್ತೆ ಹೊಲಿಯುತ್ತಿದ್ದಳು.

ಅವಳಿಗೆ ಕೆಮ್ಮು ಸಣ್ಣಗೆ ಶುರುವಾಯಿತು. ಅವನು ಕಷಾಯ ಇನ್ನಷ್ಟು ಗಟ್ಟಿಯಾಗಿ ಕಾಯಿಸಿದ. ಅವಳು ತನ್ನ ತಂಗಿಯ ಬಾಣಂತನಕ್ಕೆ ಹೋಗಿ ಬಂದಾಗ ಕೆಮ್ಮಿರಲಿಲ್ಲ, ಮುಖ ಗೆಲುವಾಗಿತ್ತು. ವಾರ ಕಳೆಯುವಷ್ಟರಲ್ಲಿ ಕೆಮ್ಮು ಮತ್ತೆ ವಕ್ಕರಿಸಿತು. "ಅಲ್ಲಿ ಕಷಾಯ ತಪ್ಪಿಸಿದೆಯಲ್ಲ, ಅದಕ್ಕೇ ನೋಡು," ಎಂದು ಲೋಟ ಮುಂದೆ ಹಿಡಿದ. ಅವಳು ಲೋಟ ಖಾಲಿ ಮಾಡಿ ಯಂತ್ರದ ಮುಂದೆ ಕೂತಳು.

ಎರಡನೆಯ ವರ್ಷ, ಮೆಟ್ಟಿಲ ಅರ್ಧಕ್ಕೇ ತುಟಿ ನೀಲಿಗಟ್ಟಿ ಕುಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಕೇಳಿದರು: "ಮನೇಲಿ ಪಾರಿವಾಳ ಸಾಕಿದ್ದೀರಾ?"

"ಇಲ್ಲ."

"ಬೇರೆ ಊರಿಗೆ ಹೋದಾಗ ಕೆಮ್ಮು ಕಮ್ಮಿ ಆಗ್ತಿತ್ತಾ?"

ಹೆಂಡತಿ ಗಂಡನ ಕಡೆ ನೋಡಿ ತಲೆ ತಗ್ಗಿಸಿದಳು. "ಹೂಂ. ತಂಗಿ ಮನೇಲಿ ಪೂರ್ತಿ ನಿಂತಿತ್ತು."

"ನಾನು... ಅಣಬೆ ಬೆಳೀತೀನಿ," ಎಂದ ಅವನು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಪಾರಿವಾಳದ ಹಿಕ್ಕೆಯ ಧೂಳಿನ ಹಾಗೇ ಇದೂ. ಎಲ್ಲರಿಗೂ ಹೀಗಾಗಲ್ಲ, ಇವರ ಮೈಗೆ ಒಗ್ಗಲಿಲ್ಲ. ಅದರ ಹುಡಿ ಎಳಕೊಂಡೂ ಎಳಕೊಂಡೂ ಶ್ವಾಸಕೋಶ ಗಟ್ಟಿಯಾಗಿದೆ. ಆ ಮನೆಗೆ ಇವರು ಮತ್ತೆ ಕಾಲಿಡಬಾರದು. ಕೆಟ್ಟಿದ್ದು ಇನ್ನು ಸರಿಹೋಗಲ್ಲ."

ಹೊರಗಿನ ಬೆಂಚಿನ ಮೇಲೆ ಅವನು ಕೇಳಿದ. "ನಿನಗೆ ಗೊತ್ತಿತ್ತೇನೇ?"

"ಅನುಮಾನ ಇತ್ತು."

"ಯಾಕೆ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ಎಲ್ಲ ಬಿಟ್ಟು ಮತ್ತೆ ಗೋಡೆ ನೋಡ್ತಾ ಕೂರ್ತಿದ್ರಿ. ಅದನ್ನ ಇನ್ನೊಂದ್ಸಲ ನೋಡೋ ಶಕ್ತಿ ನನಗಿರಲಿಲ್ಲ ರೀ."

"ಅದಕ್ಕೆ ನನ್ನ ಕೈಯಿಂದಲೇ ಸಾಯೋಕೆ ಹೊರಟೆಯಾ?" ಅವನು ಕಿರುಚಿದ.

"ಮೆಲ್ಲಗೆ. ಜನ ನೋಡ್ತಾರೆ," ಎಂದು ಅವಳು ಅವನ ತೋಳು ಹಿಡಿದಳು. ಅಷ್ಟಕ್ಕೇ ಏದುಸಿರು ಬಂತು.

ಅವಳು ತಂಗಿಯ ಮನೆ ಸೇರಿದಳು. ಅವನು ಮೂಗು ಬಾಯಿಗೆ ಬಟ್ಟೆ ಬಿಗಿದು ಚೀಲಗಳನ್ನೆಲ್ಲ ಹೊತ್ತೊಯ್ದು ಹೂತ, ಗೋಡೆಗಳನ್ನು ತಿಕ್ಕಿ ತೊಳೆದ. ದಿನವೂ ಹೋಗಿ ಆಕ್ಸಿಜನ್ ಯಂತ್ರದ ಪಕ್ಕ ಕೂರುತ್ತಿದ್ದ. ಚಳಿಗಾಲ ಮುಗಿಯುವ ಮೊದಲೇ ಅವಳು ತೀರಿಕೊಂಡಳು.

ಆಮೇಲೊಂದು ದಿನ ಪಕ್ಕದ ಬೀದಿಯ ಬಡಗಿ ಬಂದ. "ಅಮ್ಮನಿಗೆ ಹುಷಾರಿಲ್ಲ ಅಣ್ಣ. ನಿಮ್ಮ ಬೀಜ ಒಂಚೂರು ಕೊಡಿ, ಮನೇಲೇ ಬೆಳೀತೀನಿ."

ಅವನು ಬಡಗಿಯನ್ನು ಕೂರಿಸಿ ನಡೆದದ್ದನ್ನೆಲ್ಲ ಹೇಳಿದ. "ನಿನ್ನಮ್ಮ ಮಲಗೋದು ಯಾವ ಕೋಣೇಲಿ?"

ಬಡಗಿ ಹೂಂಗುಟ್ಟುತ್ತ ಚಪ್ಪಲಿ ಮೆಟ್ಟಿದ. "ಅತ್ತಿಗೆಗೆ ಆಯಸ್ಸು ಅಷ್ಟೇ ಇತ್ತು ಬಿಡಿ," ಎಂದು ಹೊರಟ. ಬೀದಿಯ ತಿರುವಿನಲ್ಲಿ ಫೋನು ತೆಗೆದು ಇನ್ಯಾರನ್ನೋ ಬೀಜ ಕೇಳುತ್ತಿದ್ದುದು ಬಾಗಿಲವರೆಗೂ ಕೇಳಿಸಿತು.

ಅವನು ಬರಿಗಾಲಲ್ಲೇ ಬಡಗಿಯ ಹಿಂದೆ ಓಡಿದ.