ಹಡಗಿಗೆ ಕಟ್ಟಿದ ರೊಟ್ಟಿ

ನನ್ನ ಗಂಡ ಸಂಜೀವಕುಮಾರ ತೀರಿಕೊಂಡ ಮೇಲೆ ಮನೆಗೆ ಬಂದ ಮೊದಲ ಒಳ್ಳೆಯ ಸುದ್ದಿ ಎಂದು ಎಲ್ಲರೂ ಹೇಳಿದ್ದು ಹಡಗಿನದು.

ಸುದ್ದಿ ತಂದವರು ಬಸವನ ಬಾಗೇವಾಡಿಯ ಜುಲ್ಫಿಕರ. ಬೆಳೆಗೆ ಹೊಡೆಯುವ ಔಷಧದ ಕಂಪನಿಯೊಂದರಲ್ಲಿ ಈ ಭಾಗದ ವ್ಯಾಪಾರ ನೋಡಿಕೊಳ್ಳುತ್ತಾರೆ. ಇಂಡಿ ಪಟ್ಟಣದಲ್ಲಿರುವ ನಮ್ಮ ಅಂಗಡಿಗೆ ಮಾಲು ಕಳಿಸುವವರು ಅವರೇ. ಮಾರ್ಚ್ ಬಿಸಿಲಿನಲ್ಲಿ ಬಂದು, ಕುರ್ಚಿಯ ಅಂಚಿಗೆ ಕೂತು ನೀರು ಕುಡಿದರು. ಆಮೇಲೆ ಚೀಲದಿಂದ ಹೊಳೆಯುವ ದಪ್ಪ ಪುಸ್ತಕವೊಂದನ್ನು ತೆಗೆದು ಕೌಂಟರಿನ ಮೇಲಿಟ್ಟರು. ಮುಖಪುಟದಲ್ಲಿ ಬಿಳಿ ಹಡಗು, ಅದರ ಹಿಂದೆ ಹಿಮದ ಗುಡ್ಡ.

"ಟಾರ್ಗೆಟ್ ಮುಟ್ಟೈತ್ರಿ ಭಾಭಿ," ಎಂದರು. "ಸಂಜುಭಾಯ್ ಮುಟ್ಟಿಸಿ ಹೋಗ್ಯಾರ. ಎರಡು ಸೀಟು ನಿಮ್ಮ ಅಂಗಡಿಗೆ ಬಂದಾವ."

ಈ ವ್ಯಾಪಾರದಲ್ಲಿ ಅದೊಂದು ಪದ್ಧತಿ. ಇಷ್ಟು ಮಾಲು ಎತ್ತಿದರೆ, ಅಂದರೆ ಕೊಂಡರೆ, ಇಂಥ ದೇಶದ ಪ್ರವಾಸ ಎಂದು ಕಂಪನಿ ಅಂಗಡಿಕಾರರಿಗೆ ಆಸೆ ಹಚ್ಚುತ್ತದೆ. ಹಿಂದೆ ದುಬೈ ಇತ್ತು, ಥಾಯ್ಲೆಂಡ್ ಇತ್ತು. ಈ ಸಲ ಯಾರೂ ಕೇಳರಿಯದ್ದು: ಮುಂಬಯಿಯಿಂದ ವಿಮಾನ, ಆಮೇಲೆ ಹಡಗು, ನಾರ್ವೆಯ ಅಂಚಿಗುಂಟ ಮೇಲೆ ಮೇಲೆ, ಜೂನ್‌ನಲ್ಲಿ ಸೂರ್ಯ ಮುಳುಗದ ಕಡಲಿನವರೆಗೆ. ಗಂಡ ಹೆಂಡತಿ ಇಬ್ಬರಿಗೂ. ಸಿಂದಗಿ, ಮುದ್ದೇಬಿಹಾಳದ ಅಂಗಡಿಕಾರರು ನಕ್ಕಿದ್ದರು. ಅಷ್ಟು ಮಾಲು ಎತ್ತಿದರೆ ಅದರ ಮೇಲೆಯೇ ಹಾಸಿಗೆ ಹಾಸಬೇಕಾದೀತು ಎಂದಿದ್ದರು. ನನ್ನ ಗಂಡ ನಗಲಿಲ್ಲ. ಹಡಗಿನ ಚಿತ್ರ ಕತ್ತರಿಸಿ ಅಂಗಡಿಯ ಗಡಿಯಾರದ ಕೆಳಗೆ ಅಂಟಿಸಿದರು.

ನಾವಿಬ್ಬರೂ ನೋಡಿದ್ದ ದೊಡ್ಡ ನೀರು ಎಂದರೆ ಆಲಮಟ್ಟಿಯದು.

ನಾನು ವಿಜಯಪುರದಲ್ಲಿ ಭೂಗೋಳದಲ್ಲಿ ಎಂ.ಎ. ಮಾಡಿದವಳು. ಊಟಕ್ಕೆ ಕೂತಾಗ ಅವರು ಮತ್ತೆ ಮತ್ತೆ ಸೂರ್ಯ ಹೇಗೆ ಮುಳುಗುವುದಿಲ್ಲ ಎಂದೇ ಕೇಳುತ್ತಿದ್ದರು. ತಟ್ಟೆಯ ಪಕ್ಕದ ಲಿಂಬೆಹಣ್ಣನ್ನು ವಾಲಿಸಿ ಹಿಡಿದು, ದೀಪದ ಎದುರು ತಿರುಗಿಸಿ, ಇದೋ ಈ ತುದಿಗೆ ಕತ್ತಲೆ ಬರುವುದೇ ಇಲ್ಲ ಎಂದು ತೋರಿಸಿದ್ದೆ.

"ಹಂಗಾರ ಅಲ್ಲೆ ಅಂಗಡಿ ಬಾಗಲಾ ಯಾವಾಗ ಹಾಕ್ತಾರ?" ಎಂದಿದ್ದರು.

ಜನವರಿಯ ಕೊನೆಗೆ ಚಡಚಣದ ದ್ರಾಕ್ಷಿ ತೋಟಗಳಿಗೆ ಮಾಲು ಕೊಟ್ಟು ಬರುವಾಗ, ಮುಚ್ಚಂಜೆಯಲ್ಲಿ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರಿಗೆ ಅವರ ಬೈಕು ಬಡಿಯಿತು. ಅದರ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಆಸ್ಪತ್ರೆಯಿಂದ ತರುವಾಗ ಮುಖ ಸುತ್ತಿದ್ದರು. ಬಿಚ್ಚಬೇಡಿ ಎಂದರು. ನಾವು ಬಿಚ್ಚಲಿಲ್ಲ.

"ಇನ್ನೊಂದು ಮಾತೈತ್ರಿ," ಎಂದರು ಜುಲ್ಫಿಕರ. ಅವರ ಕಣ್ಣು ಅಂಗಡಿಯ ಹಿಂದಿನ ಗೋದಾಮಿನ ಕಡೆಗಿತ್ತು. ಅಲ್ಲಿ ಡಬ್ಬಿಗಳು ಛಾವಣಿ ಮುಟ್ಟಿದ್ದವು. "ಆ ಮಾಲು ಮಳಿಗಾಲಕ್ಕ ಅವಧಿ ಮೀರತೈತಿ. ಈ ತಿಂಗಳ ಕಡೀತನಕ ವಾಪಸ್ ಕೊಡಾಕ ಬರ್ತೈತಿ, ಕಂಪನಿ ತಗೋತೈತಿ. ಆದ್ರ ವಾಪಸ್ ಕೊಟ್ಟಷ್ಟು ಟಾರ್ಗೆಟ್ ಇಳೀತೈತಿ. ಸೀಟು ಮುಂದಿನವರಿಗೆ ಹೋಗ್ತಾವ. ಮುದ್ದೇಬಿಹಾಳದವರು ಅದಾರ ಸಾಲಿನ್ಯಾಗ. ಎರಡರಾಗ ಒಂದರಿ."

ನನ್ನ ಮೈದುನ ಅರುಣಕುಮಾರ ಪಕ್ಕದಲ್ಲೇ ನಿಂತಿದ್ದ. "ವಾಪಸ್ ಯಾಕ ಕೊಡೂದ್ರಿ? ನಾ ಮಾರ್ತೇನಿ," ಎಂದ.

ಅಂಗಡಿಯ ಪರವಾನಗಿ ಆಗ ನನ್ನ ಹೆಸರಿಗೆ ಆಗಿತ್ತು. ಸಹಿ ನನ್ನದು. ಆ ದಿನಗಳಲ್ಲಿ ನಾನು ಯಾವುದಕ್ಕೂ ಏನೂ ಹೇಳುತ್ತಿರಲಿಲ್ಲ. ಪುಸ್ತಕ ತಿರುವಿದೆ. ನಮ್ಮ ಕೋಣೆಯ ಚಿತ್ರ ಇತ್ತು. ಎರಡು ಮಂಚ, ನಡುವೆ ಸಣ್ಣ ಮೇಜು, ಗೋಡೆಯ ಮೇಲೆ ಟಿ.ವಿ.

"ಕಿಟಕಿ ಎಲ್ಲೈತಿ?" ಎಂದು ಕೇಳಿದೆ.

ಜುಲ್ಫಿಕರ ತಲೆ ತಗ್ಗಿಸಿದರು. "ಇದು ಒಳಗಿನ ಕೋಣಿ ಅಂತರಿ. ಕಿಟಕಿ ಇರೂದಿಲ್ಲ. ಕಿಟಕಿ ಬೇಕಂದ್ರ ಮ್ಯಾಲ ರೊಕ್ಕಾ ಹಾಕಬೇಕು. ಹೊರಗಿನ ಕಡಲು ಆ ಟಿ.ವಿ.ಯಾಗ ಕಾಣತೈತಿ."

ಅತ್ತೆ ಹುಲಿಗೆವ್ವ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಗಂಡ ಸತ್ತ ವರ್ಷದೊಳಗೆ ಹೆಂಡತಿ ಸೀಮೆ ದಾಟಬಾರದು ಎನ್ನುವ ಓಣಿ ನಮ್ಮದು. ಅವರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವಿದರು. ಬೆರಳಿಗೆ ಉಗುಳು ಹಚ್ಚಲಿಲ್ಲ, ಸೆರಗಿನಿಂದ ಒರೆಸಿಕೊಂಡೇ ಮುಟ್ಟಿದರು.

"ಇದನ್ನ ನೋಡಾಕ ಅವ ಅಷ್ಟು ತಿರುಗ್ಯಾಡಿದ್ನೇನು?"

"ಹೌದ್ರಿ ಅತ್ತಿ."

"ನಾ ಹೋಗ್ತೇನಿ. ನೀನೂ ನಡಿ."

ಅರುಣ ನಗಲು ನೋಡಿದ. "ಯವ್ವಾ, ಅಲ್ಲೆ ಮೀನಾ ಕೊಡ್ತಾರ. ಏನ ತಿಂತಿ?"

"ಪಂಢರಪುರಕ್ಕ ಹೋದಾಗ ಏನ ತಿಂದಿದ್ನೋ ಅದನ್ನ. ರೊಟ್ಟಿ ಕಟಗೊಂಡು ಹೋಗ್ತೇನಿ." ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದರು: "ಅವನ ಮಾರಿ ಅಂತೂ ನೋಡಲಿಲ್ಲ. ಅವ ನೋಡಬೇಕಂದದ್ದನ್ನರ ನೋಡತೇನಿ."

ಮರುದಿನದಿಂದ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಹೆಚ್ಚಾಯಿತು. ನಮ್ಮ ಊಟಕ್ಕೆ ಬೇಕಾದಷ್ಟು ಆದ ಮೇಲೂ ಅವರು ತೆಳ್ಳಗೆ ಬಡಿದು, ಬೇಯಿಸಿ, ಬಿಸಿಲಿಗೆ ಇಟ್ಟು ಕಟಕ ಮಾಡುತ್ತಿದ್ದರು. ಹಾಗೆ ಒಣಗಿಸಿದ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಿಳಿ ಧೋತರದ ತುಂಡಿನಲ್ಲಿ ಸುತ್ತಿ ದೊಡ್ಡ ಡಬ್ಬಿಯೊಳಗೆ ಜೋಡಿಸಿದರು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬೇರೆ ಡಬ್ಬಿಗೆ. ಅಷ್ಟು ದಿನ ಒಲೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದ ಮುದುಕಿಗೆ ಕೆಲಸ ಸಿಕ್ಕಿತು.

ಎದುರು ಮನೆಯ ಶೇವಂತೆವ್ವ ಕಟ್ಟೆಯ ಮೇಲೆ ಕೂತು ಕೇಳಿಸುವಂತೆಯೇ ಹೇಳಿದಳು: "ಗಂಡ ಹೋಗಿ ವರ್ಷ ಆಗಿಲ್ಲ, ಸೊಸಿ ಹಡಗಾ ಹತ್ತತಾಳಂತ."

"ಹತ್ತತಾಳ," ಎಂದರು ಅತ್ತೆ, ಒಣ ರೊಟ್ಟಿ ಮಗುಚಿ ಹಾಕುತ್ತ. "ನಾನೂ ಹತ್ತತೇನಿ. ನಿನಗ ಸೀಟ ಇಲ್ಲ ನೋಡಬೇ, ಏನ ಮಾಡೂದು."

ನಾನು ಅಂಗಡಿಯಲ್ಲಿ ಕೂರುತ್ತಿದ್ದೆ. ಪುಸ್ತಕದ ಕೊನೆಯ ಹಾಳೆಯಲ್ಲಿ ಪ್ರಯಾಣದ ಬೆಲೆ ಅಚ್ಚಾಗಿತ್ತು. ಅದರೊಳಗೆ ಊಟ ಸೇರಿದೆ, ಸಂಗೀತ ಸೇರಿದೆ, ಬಂದರಿನ ತೆರಿಗೆ ಸೇರಿದೆ ಎಂದು ಬರೆದಿತ್ತು. ನಾವು ತೆತ್ತ ಬೆಲೆಗೆ ತಕ್ಕುದಾದದ್ದು ಅಲ್ಲೇನಿದೆ ಎಂದು ನಾನು ಚಿತ್ರಗಳಲ್ಲಿ ಹುಡುಕಿದೆ. ಹಿಮ ಇತ್ತು, ನೀರಿನ ಮೇಲೆ ಉದ್ದಕ್ಕೆ ಬಿದ್ದ ಕೆಂಪು ಬೆಳಕಿತ್ತು. ಚೆನ್ನಾಗಿಯೇ ಇತ್ತು. ಓದುವಾಗ ಆ ಅಕ್ಷಾಂಶದ ಹೆಸರನ್ನು ಪರೀಕ್ಷೆಯಲ್ಲಿ ಬರೆದಿದ್ದೇನೆ. ಹೋಗಬೇಕು ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಕತ್ತಲಾಗದ ಜಾಗದಲ್ಲಿ ಮುಚ್ಚಂಜೆಯೇ ಇರುವುದಿಲ್ಲ. ಆದರೆ ನಮ್ಮ ಕೋಣೆಗೆ ಕಿಟಕಿ ಇರಲಿಲ್ಲ. ಅಲ್ಲಿ ದೀಪ ಆರಿಸಿದರೆ ನಮ್ಮೂರಿನದೇ ಕತ್ತಲೆ.

ಅರುಣ ಹೇಳಿದಂತೆ ಮಾರತೊಡಗಿದ. ಹುಡುಗ ಸೋಮಾರಿಯಲ್ಲ. ಮೋರಟಗಿ, ತಾಂಬಾ ಎಂದು ಸುತ್ತಲಿನ ಹಳ್ಳಿಗಳಿಗೆ ಬೆಳಿಗ್ಗೆಯೇ ಹೋಗಿ ಬರುತ್ತಿದ್ದ. ಹಡಗಿಗೆ ತಾನು ಹೋಗುವ ಆಸೆಯೂ ಅವನಿಗಿರಲಿಲ್ಲ. ಅಣ್ಣ ಗೆದ್ದದ್ದು ಅವ್ವನ ಕೈಗೆ ಬರಲಿ ಎಂದಷ್ಟೇ ಅವನ ಹಟ.

ಒಂದು ಮಧ್ಯಾಹ್ನ ತಾಂಬಾದ ಗುರಲಿಂಗಪ್ಪ ಬಂದ. ಲಿಂಬೆ ತೋಟದವನು. ನನ್ನ ಮದುವೆಗೂ ಮೊದಲಿನಿಂದ ಈ ಅಂಗಡಿಯ ಗಿರಾಕಿ. ಇಲ್ಲಿಯವರು ಗಿಡಕ್ಕೆ ರೋಗ ಬಂದರೆ ಎಲೆ ಕಿತ್ತು ವಸ್ತ್ರದಲ್ಲಿ ಕಟ್ಟಿ ತರುತ್ತಾರೆ. ಅಂಗಡಿಕಾರ ಎಲೆ ನೋಡಿ ಔಷಧ ಕೊಡುತ್ತಾನೆ. ಔಷಧಕ್ಕೆ ಅವರು ಎಣ್ಣೆ ಎನ್ನುತ್ತಾರೆ. ಗುರಲಿಂಗಪ್ಪ ಕರವಸ್ತ್ರದ ಗಂಟನ್ನು ಕೌಂಟರಿನ ಮೇಲಿಟ್ಟ.

"ಎಲಿ ಮುದುಡಾಕತ್ತಾವ ಸಾವಕಾರ. ಯಾವ ಎಣ್ಣಿ ಹೊಡಿಲಿ ಹೇಳ್ರಿ."

ಅರುಣ ಆಗಲೇ ಗೋದಾಮಿನಿಂದ ಎರಡು ಡಬ್ಬಿ ತಂದಿದ್ದ. "ಇದನ್ನ ಹೊಡೀರಿ ಕಾಕಾ. ಗಿಡಾ ಎದ್ದು ಕುಂದ್ರತಾವ."

"ನೀವು ಹೇಳಿದ ಮ್ಯಾಲ ಆತ್ರಿ. ನಿಮ್ಮ ಅಣ್ಣ ಇದ್ದಂಗ ನೀವು." ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಕಡೆ ನೋಡಿ, "ಉಂಡಿಯಿಲ್ಲವಾ ತಂಗಿ?" ಎಂದು ಕೇಳಿ ಹೋದ.

ಕರವಸ್ತ್ರ ಅಲ್ಲೇ ಉಳಿಯಿತು. ಗಂಟು ಬಿಚ್ಚಿರಲಿಲ್ಲ. ನಾನು ಬಿಚ್ಚಿದೆ. ನಾಲ್ಕಾರು ಎಲೆ. ಅಂಚು ಸುಟ್ಟಂತಿತ್ತು. ಹಿಂದೆ ಮುಂದೆ ನೋಡಿದೆ, ಹುಳ ಕಾಣಲಿಲ್ಲ. ಬಿಸಿಲಿನದೋ, ನೀರಿನದೋ, ನನಗೆ ಗೊತ್ತಿಲ್ಲ. ನಾನು ಓದಿದ್ದು ಭೂಗೋಳ. ಆದರೆ ನನ್ನ ಗಂಡ ಎಲೆಯನ್ನು ಹೇಗೆ ಹಿಡಿಯುತ್ತಿದ್ದರು ಎಂಬುದು ಗೊತ್ತು. ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದು, ಬೆನ್ನಿನ ಕಡೆ ಉಗುರಿನಿಂದ ಕೆರೆದು, ಎಷ್ಟೋ ಸಲ "ಏನೂ ಬ್ಯಾಡ, ನೀರ ಬಿಡು" ಎಂದು ಬರಿಗೈಯಲ್ಲಿ ಕಳಿಸುತ್ತಿದ್ದರು. ದೀಪಾವಳಿಯ ನಂತರ, ಟಾರ್ಗೆಟ್ ಹತ್ತಿರ ಬಂದಂತೆ, ಅವರೂ ಗಂಟು ಬಿಚ್ಚುವುದನ್ನು ಬಿಟ್ಟಿದ್ದರು. ಇದನ್ನು ಬರೆಯದೆ ಬಿಡಬಹುದಿತ್ತು. ಸತ್ತವರ ಬಗ್ಗೆ ಇಂಥದ್ದನ್ನು ಯಾರೂ ಹೇಳುವುದಿಲ್ಲ.

ತಿಂಗಳು ಮುಗಿಯುವ ಹೊತ್ತಿಗೆ ಗುರಲಿಂಗಪ್ಪ ಮತ್ತೆ ಬಂದ. ಈ ಸಲ ಗಂಟಿನಲ್ಲಿ ಎಲೆಯಿರಲಿಲ್ಲ. ಉದುರಿದ ಹೀಚು ಇತ್ತು, ಕಡಲೆಕಾಳಿನಷ್ಟು ದಪ್ಪ, ಕಪ್ಪಗೆ.

ಅವನು ಜಗಳಕ್ಕೆ ಬಂದಿದ್ದಾನೆ ಎಂದುಕೊಂಡು ಅರುಣ ಎದ್ದು ನಿಂತ. ಗುರಲಿಂಗಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ.

"ನಂದ ತಪ್ಪು ಆಗೈತ್ರಿ ಸಾವಕಾರ. ಎಣ್ಣಿ ಕಡಿಮಿ ಬಿದ್ದೈತಿ ಅನಸ್ತೈತಿ. ಪಂಪು ಹಳೇದು. ಇನ್ನೆರಡು ಡಬ್ಬಿ ಕೊಡ್ರಿ, ಜೋರ ಹೊಡಿತೇನಿ."

ಅರುಣನ ಕೈ ಹಲಗೆಯ ಮೇಲಿನ ಡಬ್ಬಿಯ ಕಡೆ ಹೋಯಿತು.

"ಕೊಡಬ್ಯಾಡ," ಎಂದೆ.

ಬಹಳ ದಿನಗಳ ಮೇಲೆ ನನ್ನ ದನಿ ಅಷ್ಟು ಜೋರಾಗಿ ಬಂದಿತ್ತು. ಗುರಲಿಂಗಪ್ಪ ಗಾಬರಿಯಾದ. "ಯಾಕವಾ? ರೊಕ್ಕಾ ತಂದೇನಿ," ಎಂದ.

"ರೊಕ್ಕದ ಮಾತಲ್ಲರಿ ಕಾಕಾ. ಎಣ್ಣಿ ಬ್ಯಾಡ. ತೋಟಗಾರಿಕೆ ಇಲಾಖೆ ಸಾಹೇಬರಿಗೆ ತೋಟಾ ತೋರಸ್ರಿ. ಅಲ್ಲೀತನಕ ಏನೂ ಹೊಡೀಬ್ಯಾಡ್ರಿ."

ಅವನಿಗೆ ನಂಬಿಕೆ ಬರಲಿಲ್ಲ. ಅರುಣನ ಮುಖ ನೋಡಿದ. ಆಮೇಲೆ ಹೀಚುಗಳನ್ನು ಮತ್ತೆ ಗಂಟು ಕಟ್ಟಿಕೊಂಡು, ಬೇರೆ ಅಂಗಡಿಯ ದಾರಿ ಹಿಡಿದ. ಕಟ್ಟೆ ಇಳಿದು ಎಡಕ್ಕೆ ತಿರುಗುವುದನ್ನು ನಾನು ನೋಡಿದೆ.

ನಾನು ಅಲ್ಲಿಯೇ ಜುಲ್ಫಿಕರರಿಗೆ ಫೋನ್ ಮಾಡಿದೆ. ಮಾಲು ವಾಪಸ್ ಒಯ್ಯಲು ಗಾಡಿ ಕಳಿಸಿ ಎಂದೆ.

"ಇನ್ನೊಮ್ಮೆ ವಿಚಾರ ಮಾಡ್ರಿ ಭಾಭಿ," ಎಂದರು. "ಸಂಜುಭಾಯ್..."

"ಗಾಡಿ ಕಳಸ್ರಿ."

ಅರುಣ ಅಳುತ್ತಿದ್ದ. ಸಿಟ್ಟಿನ ಅಳು. "ಅಣ್ಣ ಗೆದ್ದಿದ್ದನ್ನ ನೀವು ಸೋತಂಗ ಮಾಡಿದ್ರಿ ವೈನಿ. ಜೀವಾನ ಕೊಟ್ಟಾನ ಅದಕ್ಕ."

"ಹೌದು," ಎಂದೆ. "ಅವರ ಜೀವ ಹೋತು. ಇನ್ನ ಗುರಲಿಂಗಪ್ಪನ ತೋಟಾನೂ ಕೊಡೂದೇನು?"

"ಅವ್ವಗ ನೀವ ಹೇಳ್ರಿ. ನಾ ಹೇಳೂದಿಲ್ಲ."

ನಾನೇ ಹೇಳಿದೆ. ಅತ್ತೆ ಹಂಚಿನ ಮೇಲಿನ ರೊಟ್ಟಿ ಮಗುಚಿದರು. ಬೆಂದ ಮೇಲೆ ತೆಗೆದರು. ಕೈಯಲ್ಲಿ ಉಳಿದಿದ್ದ ಹಿಟ್ಟನ್ನು ನಾದುವ ಕೊಣಮಿಗೆಗೆ ಹಾಕಿ, ನೀರಿನಲ್ಲಿ ಕೈ ತೊಳೆದರು.

"ನನ್ನ ಕೇಳಬೇಕಾಗಿತ್ತು," ಎಂದರು.

"ಕೇಳಿದ್ರ ಏನ ಅಂತಿದ್ರಿ?"

"ಹೋಗೂನು ಅಂತಿದ್ದೆ." ಒಲೆ ಆರಿಸಿದರು. "ಅವರ ಗಿಡಾ ಮತ್ತ ಚಿಗೀತಾವ. ನನಗ ಇನ್ನೊಂದು ಮಾರಿ ಎಲ್ಲೈತಿ ನೋಡಾಕ?"

ಅವರು ಅಂದದ್ದು ತಪ್ಪೆಂದು ನಾನು ಎಂದೂ ಅಂದುಕೊಂಡಿಲ್ಲ.

ಗಾಡಿ ಬಂತು. ಹಮಾಲರು ಡಬ್ಬಿಗಳನ್ನು ಹೊತ್ತು ಹಾಕಿದರು. ಗೋದಾಮು ಖಾಲಿಯಾದಾಗ ಅದಕ್ಕೂ ಒಂದು ಕಿಟಕಿ ಇದ್ದದ್ದು ಕಂಡಿತು. ಡಬ್ಬಿಗಳ ಹಿಂದೆ ಮುಚ್ಚಿಹೋಗಿತ್ತು. ನಾನು ಸಹಿ ಮಾಡಿದೆ. ಮುಂದಿನ ವರ್ಷ ಕಂಪನಿ ನಮಗೆ ಮಾಲು ಕೊಡುವುದು ಅನುಮಾನ ಎಂದು ಜುಲ್ಫಿಕರ ತಗ್ಗಿದ ದನಿಯಲ್ಲಿ ಹೇಳಿದರು. ಸೀಟು ಮುದ್ದೇಬಿಹಾಳಕ್ಕೆ ಹೋದವು.

ಅಂದಿನಿಂದ ಅತ್ತೆ ನನ್ನೊಡನೆ ಮಾತು ಬಿಟ್ಟರು. ಬೈಯಲಿಲ್ಲ. ಹೇಳುವುದಿದ್ದರೆ ಅರುಣನಿಗೆ ಹೇಳುತ್ತಿದ್ದರು: ಆಕಿಗೆ ಉಣ್ಣಾಕ ಕರಿ, ಆಕಿಗೆ ಬಾಗಲಾ ಹಾಕಂತ ಹೇಳು. ರೊಟ್ಟಿಯ ಡಬ್ಬಿ ಅಟ್ಟದ ಮೇಲೆ ಹೋಯಿತು. ಗುರಲಿಂಗಪ್ಪ ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಬೇರೆ ಕಡೆ ಔಷಧ ಒಯ್ದು ಹೊಡೆದನೋ ಇಲ್ಲವೋ ತಿಳಿಯದು. ತಾಂಬಾದವರು ಬಂದಾಗ ಕೇಳಬೇಕು ಎಂದುಕೊಳ್ಳುತ್ತೇನೆ, ಕೇಳುವುದಿಲ್ಲ.

ಜೂನ್‌ನಲ್ಲಿ, ಮಳೆಯ ಮೋಡ ಕಟ್ಟಿದ್ದ ಒಂದು ಮಧ್ಯಾಹ್ನ, ಮುದ್ದೇಬಿಹಾಳದ ಅಂಗಡಿಕಾರ ಹಡಗಿನಿಂದ ಅರುಣನ ಫೋನಿಗೆ ಚಿತ್ರ ಕಳಿಸಿದ. ಗಂಡ ಹೆಂಡತಿ ಇಬ್ಬರೂ ದಪ್ಪ ಕೋಟು ಹಾಕಿಕೊಂಡು ಹಡಗಿನ ಅಂಚಿನ ಕಟಾಂಜನ ಹಿಡಿದು ನಿಂತಿದ್ದರು. ಹಿಂದೆ ಬೂದು ನೀರು, ಅದರ ಮೇಲೆ ಗೇಣು ಎತ್ತರದಲ್ಲಿ ಸೂರ್ಯ. "ಸಂಜುನ ನೆನಪಾತು," ಎಂದು ಕೆಳಗೆ ಬರೆದಿದ್ದ.

ಅರುಣ ಫೋನನ್ನು ಅವ್ವನ ಕೈಗೆ ಕೊಟ್ಟ. ಅವರು ಬಾಗಿಲ ಬೆಳಕಿಗೆ ಹೋಗಿ, ಬಹಳ ಹೊತ್ತು ನೋಡಿದರು. ಹಿಂದೆ ಮುಂದೆ ತಿರುಗಿಸಿಯೂ ನೋಡಿದರು, ಅದರ ಬೆನ್ನಿಗೂ ಏನಾದರೂ ಇರಬಹುದು ಎಂಬಂತೆ.

"ಇದು ಯಾ ಹೊತ್ತಿನ ಫೋಟೋ?" ಎಂದು ಅರುಣನನ್ನು ಕೇಳಿದರು.

ಅವನಿಗೆ ಗೊತ್ತಿರಲಿಲ್ಲ. ನನ್ನ ಕಡೆ ನೋಡಿದ.

"ನಡುರಾತ್ರೀದು," ಎಂದೆ.

ಅತ್ತೆ ಫೋನು ಹಿಂದಕ್ಕೆ ಕೊಟ್ಟರು. ಅಟ್ಟದ ಮೇಲಿನ ಡಬ್ಬಿ ಇಳಿಸಲು ಹೇಳಿದರು. ಧೋತರದ ಗಂಟು ಬಿಚ್ಚಿ, ಮೂರು ತಟ್ಟೆ ಇಟ್ಟು, ಎಲ್ಲಕ್ಕೂ ಎರಡೆರಡು ಕಟಕ ರೊಟ್ಟಿ ಹಾಕಿದರು. ಹಿಂಡಿ ಹಾಕಿದರು. ಮೂರನೆಯ ತಟ್ಟೆಯನ್ನು ನನ್ನ ಮುಂದೆ ಸರಿಸಿದರು.

"ತಿನ್ನು," ಎಂದರು. ಮಾರ್ಚ್‌ನಿಂದ ನನಗೆ ಆಡಿದ ಮೊದಲ ಮಾತು. "ಕೆಟ್ಟಿಲ್ಲ."

ಕೆಟ್ಟಿರಲಿಲ್ಲ. ಬಹಳ ಗಟ್ಟಿ ಇದ್ದವು. ಡಬ್ಬಿ ಇನ್ನೂ ತುಂಬಿಯೇ ಇತ್ತು.