ಬ್ರೇಕ್ ಹಾಕಿದರೆ ನಡುಗುವ ಗಾಡಿ

"ಸ್ಟೇರಿಂಗ್ ನಡುಗ್ತದೋ, ಸೀಟು ನಡುಗ್ತದೋ? ಮೊದ್ಲು ಅದನ್ನ ಹೇಳು."

"ಗಂಗೆ ನಡುಗ್ತಾಳೆ," ಎಂದ ಬೀರ.

ಮೆಕ್ಯಾನಿಕ್ ರಸೂಲ್ ಬಾಯಲ್ಲಿದ್ದ ಎಲೆಯಡಿಕೆ ಕವಳ ಉಗಿದು ನಕ್ಕ. "ನಿನ್ನ ಹೆಂಡ್ತಿನ್ನ ರಿಪೇರಿ ಮಾಡೂದು ನನ್ನ ಕೆಲ್ಸ ಅಲ್ಲ ಮಾರಾಯ. ಗಾಡಿದು ಹೇಳು." ಬೀರ ನಗಲಿಲ್ಲ. ಅದನ್ನು ಕಂಡು ರಸೂಲ್ ಬಾಯಿ ಒರೆಸಿಕೊಂಡು ಗಾಡಿಯ ಕೀಲಿಗೆ ಕೈ ಚಾಚಿದ.

ಅದು ಹಳೆಯ ಫೋರ್‌ವೀಲ್ ಪಿಕಪ್ಪು. ಕಾನಸೂರಿನಿಂದ ಒಳಗೆ, ಗುಡ್ಡದ ತಲೆಯ ಮೇಲಿದ್ದ ಬೀರನ ಮನೆಗೆ ನಾಲ್ಕೂ ಚಕ್ರ ಎಳೆಯುವ ಗಾಡಿ ಬಿಟ್ಟರೆ ಬೇರೆ ಯಾವುದೂ ಹತ್ತುತ್ತಿರಲಿಲ್ಲ. ಒಮ್ಮೆ ಕರೆಸಿದ ಆಂಬುಲೆನ್ಸ್ ಅರ್ಧ ದಾರಿಯಲ್ಲಿ ನಿಂತು, ಪೇಶಂಟನ್ನು ಹೊತ್ತು ತನ್ನಿ ಎಂದಿತ್ತು. ಗಂಗೆಯ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆರಡು ಸಲ ಶಿರಸಿಗೆ ತಂದು ಡಯಾಲಿಸಿಸ್ ಮಾಡಿಸಬೇಕು. ರೋಗ ಈಗ ಎಲುಬನ್ನೂ ತಿನ್ನುತ್ತಿತ್ತು. ಬ್ರೇಕ್ ಹಾಕಿದಾಗೆಲ್ಲ ಗಾಡಿಯ ನಡುಕ ಸೀಟಿನಿಂದ ಅವಳ ಸೊಂಟಕ್ಕೆ ಹತ್ತುತ್ತಿತ್ತು, ಅವಳು ಕೂಗುತ್ತಿದ್ದಳು. ಇವತ್ತು ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವಾಗ ಹೇಳಿಬಿಟ್ಟಿದ್ದಳು: "ಗಾಡಿ ಹಿಂಗೇ ಇದ್ರೆ ಇನ್ನು ನಾ ಹತ್ತೂದಿಲ್ಲ. ಮನೇಲೇ ಸಾಯ್ತೆ."

ಅವಳಿಗೆ ಸೂಜಿ ಚುಚ್ಚುವವರೆಗೆ ಪಕ್ಕದಲ್ಲಿ ನಿಂತಿದ್ದು ಬೀರ ನೇರ ಗ್ಯಾರೇಜಿಗೆ ಬಂದಿದ್ದ. ಅವಳದು ಮುಗಿಯುವುದರೊಳಗೆ ಇದು ಸರಿಯಾಗಬೇಕು.

ರಸೂಲ್ ತಾನೇ ಓಡಿಸಿದ. ಖಾಲಿ ರಸ್ತೆಯಲ್ಲಿ ವೇಗ ಏರಿಸಿ ಬ್ರೇಕ್ ಒತ್ತಿದ. ಸ್ಟೇರಿಂಗ್ ಅವನ ಕೈಯಲ್ಲಿ ಅದುರಿತು, ಪೆಡಲ್ ಕಾಲನ್ನು ಒದೆಯಿತು. ಮತ್ತೆ ವೇಗ ಏರಿಸಿ, ಈ ಸಲ ಹಿಂದಿನ ಚಕ್ರ ಮಾತ್ರ ಹಿಡಿಯುವ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದ. ಗಾಡಿ ನಡುಗದೆ ನಿಂತಿತು.

"ಹಿಂದಿನ ಡ್ರಮ್ಮು ಚಲೋ ಅದಾವು. ತಕರಾರು ಮುಂದಿಂದು."

ಗ್ಯಾರೇಜಿನಲ್ಲಿ ಜಾಕ್ ಕೊಟ್ಟು ಮುಂದಿನ ಚಕ್ರ ಎತ್ತಿದರು. ರಸೂಲ್ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಬೇರಿಂಗ್ ಆದರೆ ಪೇಟೆಯಲ್ಲೇ ಸಿಗುತ್ತದೆ, ಬೇರಿಂಗೇ ಆಗಿರಲಿ ಎಂದು ಬೀರ ಕಾದ.

"ಬೇರಿಂಗ್ ಚಲೋ ಅದೆ," ಎಂದ ರಸೂಲ್.

ಸ್ಟೇರಿಂಗಿನ ರಾಡುಗಳೂ ಚಲೋ ಇದ್ದವು. ಚಕ್ರದ ನಟ್ಟುಗಳೂ ಬಿಗಿಯಾಗಿದ್ದವು. ಚಲೋ ಅದೆ ಎಂದಾಗೆಲ್ಲ ಬೀರನ ಎದೆ ಇನ್ನಷ್ಟು ಕುಸಿಯಿತು. ಚಕ್ರ ಬಿಚ್ಚಿ, ಒಳಗಿನ ಬ್ರೇಕ್ ಡಿಸ್ಕಿನ ಹತ್ತಿರ ಸೀಮೆಸುಣ್ಣದ ತುಂಡನ್ನು ಅಲ್ಲಾಡದಂತೆ ಹಿಡಿದು, ರಸೂಲ್ ತಿರುಗಿಸಲು ಹೇಳಿದ. ಬೀರ ತಿರುಗಿಸಿದ. ಸುಣ್ಣ ಒಂದು ಮಗ್ಗುಲಿಗೆ ಮಾತ್ರ ಹತ್ತಿತು. ಉಳಿದದ್ದು ಬರಿದೇ ಸುತ್ತಿತು.

"ಡೊಂಕಾಗಿದೆ. ಹೋದ ವರ್ಷ ಲೇಥಿಗೆ ಹಾಕಿ ಹೆರೆದು ಕೊಟ್ಟಿದ್ನಲ್ಲ, ಮತ್ತೆ ಡೊಂಕು! ಇದು ಕಾದಿದ್ದಾಗ ನೀರು ಕುಡ್ದಿದ್ದು. ಗುಡ್ಡ ಇಳಿದವ್ನೇ ಗಾಡಿ ತೊಳಿತ್ಯನಾ?"

"ತೊಳೂದಿಲ್ಲ."

"ಮತ್ತೆ?"

"ಹಳ್ಳದಾಗೆ ನಿಲ್ಲಿಸ್ತೆ," ಎಂದ ಬೀರ.

ಗಂಗೆಗೆ ನೀರು ಅಳತೆಯ ಮೇಲೆ. ಆಸ್ಪತ್ರೆಗೆ ಬರುವ ಬೆಳಿಗ್ಗೆ ಅವಳ ನಾಲಿಗೆ ಅಂಗುಳಕ್ಕೆ ಅಂಟಿರುತ್ತಿತ್ತು. ಇಳಿಜಾರು ಮುಗಿದಲ್ಲಿ ಹಳ್ಳ, ಸೇತುವೆಯಿಲ್ಲ, ನೀರಲ್ಲೇ ದಾಟಬೇಕು. ಬೀರ ನಟ್ಟನಡುವೆ ಗಾಡಿ ನಿಲ್ಲಿಸಿ ಇಳಿದು, ಅವಳ ಕಡೆಯ ಬಾಗಿಲು ತೆಗೆದು ಚೊಂಬಿನಲ್ಲಿ ಮೊಗೆದು ಕೊಡುತ್ತಿದ್ದ. ಅವಳು ಬಾಯಿ ತುಂಬಿಕೊಂಡು, ಕಣ್ಣು ಮುಚ್ಚಿ ಕೂತಿದ್ದು, ಕೊನೆಗೆ ಉಗಿಯುತ್ತಿದ್ದಳು. ಮತ್ತೆ ಚೊಂಬು ಚಾಚುತ್ತಿದ್ದಳು. ಒಂದು ಗುಟುಕೂ ನುಂಗುತ್ತಿರಲಿಲ್ಲ. ಚಕ್ರದ ಹತ್ತಿರ ಸುಂಯ್ ಎನ್ನುವುದು ಬೀರನಿಗೆ ಕೇಳುತ್ತಿತ್ತು. ಗಾಡಿಯೂ ತಂಪಾಗುತ್ತದೆ, ಒಳ್ಳೆಯದೇ ಎಂದುಕೊಂಡಿದ್ದ.

"ಸೀದಾ ದಾಟಿದ್ರೆ ಅಷ್ಟು ಆಗ್ತಿರ್ಲಿಲ್ಲ," ಎಂದ ರಸೂಲ್. "ಕೆಂಡದಂಗೆ ಕಾದ ಡಿಸ್ಕು ಅರ್ಧ ನೀರಾಗೆ, ಅರ್ಧ ಗಾಳ್ಯಾಗೆ ನಿಂತ್ರೆ ಡೊಂಕಾಗದೆ ಎಂತ ಆಗ್ತದೆ? ದಂಡೆ ಮೇಲೆ ನಿಲ್ಸಿ ಚೊಂಬಲ್ಲಿ ತಂದು ಕೊಡೂಕೆ ನಿನಗೇನು ಧಾಡಿ?"

"ಅವ್ಳಿಗೆ ಸುತ್ತ ನೀರು ಕಾಣ್ಬೇಕು."

ರಸೂಲ್ ಸೀಮೆಸುಣ್ಣದ ತುಂಡನ್ನು ಕೆಳಗಿಟ್ಟ.

"ಇನ್ನೊಂದ್ಸಲ ಲೇಥಿಗೆ ಹಾಕಿ ರಸೂಲ್ ಭಾಯಿ."

"ಹಾಕಿದ್ರೆ ಹಪ್ಪಳ ಆಗ್ತದೆ. ಇಳಿಜಾರಲ್ಲಿ ಒಡೆದ್ರೆ ನಿಮ್ಮಿಬ್ರಿಗೂ ಆಸ್ಪತ್ರೆನೇ ಬೇಡ."

ಈ ಗಾಡಿಗೆ ಹೊಸ ಡಿಸ್ಕು ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ರಸೂಲ್ ಹುಬ್ಬಳ್ಳಿಯ ಗುಜರಿಗೆ ಫೋನ್ ಮಾಡಿದ, ಅಲ್ಲಿ ಇರಲಿಲ್ಲ. ಆಮೇಲೆ ಯಲ್ಲಾಪುರದಲ್ಲಿ ಗ್ಯಾರೇಜಿಟ್ಟ ಯಾಸೀನನಿಗೆ. ಇಂಥದೇ ಒಂದು ಗಾಡಿ ಅವನ ಅಂಗಳದಲ್ಲಿ ಬಿದ್ದಿತ್ತಂತೆ, ಅದರ ಡಿಸ್ಕೂ ಸೀಳಿತ್ತಂತೆ. ರಸೂಲ್ ಫೋನ್ ಕಿಸೆಗೆ ಹಾಕಿ, ಬಿಚ್ಚಿದ ಚಕ್ರವನ್ನು ತಿರುಗಿ ಕೂರಿಸತೊಡಗಿದ.

"ಗೇರಲ್ಲೇ ಇಳಿಸು. ಬ್ರೇಕಿಗೆ ಕಾಲು ಕಮ್ಮಿ ಕೊಡು. ಹ್ಯಾಂಡ್‌ಬ್ರೇಕ್ ನೆಚ್ಬೇಡ, ಓಡೂವಾಗ ದಿನಾ ಎಳೆದ್ರೆ ಅದ್ರ ತಂತಿ ಹರೀತದೆ," ಎಂದ. ಅದಕ್ಕಿಂತ ಹೆಚ್ಚಿನದು ಅವನಲ್ಲಿ ಇರಲಿಲ್ಲ.

ಗಂಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ತೋಳಿಗೆ ಹತ್ತಿ ಅಂಟಿಸಿದ್ದರು.

"ಆತಾ?"

"ಆತು. ಚಕ್ರದ ನಟ್ಟು ಸಡ್ಲ ಆಗಿತ್ತಡ."

"ಅಷ್ಟೇಯಾ?"

"ಅಷ್ಟೇ."

ಗಂಗೆ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. "ಒಂದು ನಟ್ಟಿಗೆ ಹೆದ್ರಿ ಸಾಯೂಕೆ ಹೊರಟಿದ್ದೆ ನೋಡಿ ನಾನು!" ಬೀರನ ಹೆಗಲು ಹಿಡಿದು ತಾನೇ ಗಾಡಿ ಹತ್ತಿ ಕೂತಳು. ಮುಂದಿನ ಸಲ ಬರುವಾಗ ನರ್ಸಮ್ಮನಿಗೆ ಬಾಳೆಹಣ್ಣು ತರಬೇಕು ಎಂದಳು.

ಬೀರ ಎರಡನೇ ಗೇರಿನಲ್ಲೇ ಹೋದ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಆಟೋ ಸಟಕ್ಕನೆ ಅಡ್ಡ ತಿರುಗಿತು. ಬ್ರೇಕ್ ಒತ್ತದೆ ಬೇರೆ ದಾರಿಯಿರಲಿಲ್ಲ.

ಗಾಡಿ ಬುಡದಿಂದ ನಡುಗಿತು. ಗಂಗೆ ಕೂಗಲಿಲ್ಲ. ಎರಡೂ ಕೈಯಿಂದ ಮುಂದಿನ ಹಿಡಿಕೆ ಹಿಡಿದು, ಬಾಯಿ ಬಿಗಿದು, ನಡುಕ ಮುಗಿಯುವವರೆಗೆ ರಸ್ತೆಯನ್ನೇ ನೋಡಿದಳು. ಆಟೋ ಹೋಯಿತು. ಬಾಳೆಹಣ್ಣಿನ ಮಾತು ಮುಂದುವರಿಯಲಿಲ್ಲ.

ಬೀರ ಮೊದಲನೇ ಗೇರಿಗೆ ಇಳಿಸಿದ. ಗಾಡಿ ನಡೆಯುವವರ ವೇಗದಲ್ಲಿ ಸಾಗಿತು. ಹಿಂದೆ ಬೈಕುಗಳು, ಅವುಗಳ ಹಿಂದೆ ಬಸ್ಸು. ಹಾರ್ನ್ ನಿಲ್ಲಲಿಲ್ಲ. ಒಬ್ಬ ಬೈಕಿನವನು ಪಕ್ಕಕ್ಕೆ ಬಂದು, "ಗಾಡಿ ಮಲಗ್ಸಿ ಜೋಗುಳ ಹಾಡ್ತ್ಯನಾ?" ಎಂದು ಕೂಗಿ ಹೋದ.

"ಬದಿಗೆ ನಿಲ್ಸಿ," ಎಂದಳು ಗಂಗೆ. "ಅವ್ರಾದ್ರೂ ಹೋಗ್ಲಿ."

ಬೀರನ ಕಾಲು ಬ್ರೇಕಿನ ಮೇಲಿತ್ತು. ಒತ್ತಲಿಲ್ಲ. ಎಡಬದಿಯಲ್ಲಿ, ಮುಚ್ಚಿದ ಅಂಗಡಿಯೊಂದರ ಮುಂದೆ, ನೆಲ ಸ್ವಲ್ಪ ಏರಿತ್ತು. ಆ ಕಡೆಗೆ ಸ್ಟೇರಿಂಗ್ ತಿರುಗಿಸಿ, ಕ್ಲಚ್ ಒತ್ತಿ, ಗಾಡಿ ತಾನಾಗಿಯೇ ನಿಲ್ಲಲಿ ಎಂದು ಕಾದ.